ಹಿರಿಯರ ನಡಿಗೆ, ಹಿರಿಯರ ನೆನಪು

'ನೀವು ಸುಮ್ಮನೆ ಕುಳಿತಿರಿ' ಎಂದು ಮನೆಯ ಹಿರಿಯರಿಗೆ ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಆ ಪ್ರೀತಿಯೇ ಅವರಿಗೆ ಮುಳುವಾಗಬಾರದು.

ವಯಸ್ಸಾದಂತೆ ಮೆದುಳಿನಲ್ಲಿ ನೆನಪನ್ನು ರೂಪಿಸುವ ಹಿಪೊಕ್ಯಾಂಪಸ್ ಎಂಬ ಭಾಗವು ಕುಗ್ಗುತ್ತದೆ. ಅಮೆರಿಕದಲ್ಲಿ 120 ಮಂದಿ ಹಿರಿಯರ ಮೇಲೆ ನಡೆದ ಸಂಶೋಧನೆಯೊಂದು 2011ರಲ್ಲಿ ಪ್ರಕಟವಾಯಿತು. ವಾರಕ್ಕೆ 3 ದಿನ, 40 ನಿಮಿಷ ಚುರುಕಾಗಿ ನಡೆದವರಲ್ಲಿ ವರ್ಷದ ಬಳಿಕ ಆ ಭಾಗವು ಶೇಕಡಾ 2ರಷ್ಟು ಬೆಳೆದಿತ್ತು. ಕೇವಲ ಮೈಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ನಡೆದವರೂ ಆರಂಭಿಸಿದ್ದು 10 ನಿಮಿಷದಿಂದಲೇ.

ನಡಿಗೆಯು ಮರೆವಿನ ರೋಗವನ್ನು ಗುಣಪಡಿಸುವ ಮದ್ದಲ್ಲ. ಹೃದ್ರೋಗ, ಮಂಡಿನೋವು ಉಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಆದರೆ ಕಾಯಕಕ್ಕೆ ನಿವೃತ್ತಿಯಿಲ್ಲವೆಂದು ನಂಬಿದವರು ನಾವು. ಸಂಜೆಯ ಪೂಜೆಗೆ ಮುನ್ನ ಹಿರಿಯರೊಡನೆ ಮಠದವರೆಗಾದರೂ ನಡೆದು ಬರೋಣ. ಅವರನ್ನು ಕೂರಿಸುವುದಕ್ಕಿಂತ ಜೊತೆಗೆ ನಡೆಯುವುದೇ ನಿಜವಾದ ಸೇವೆ.