ದುರ್ಗದ ಸೀಮೆಯ ನೀರೂ ದೋಣಿ ಪೋಲೋ ಎಂಬ ಆಟವೂ

ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವು 2022ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಕೋಡಿ ಬಿದ್ದ ಸಮಾಚಾರವು ವಾಚಕರಿಗೆ ನೆನಪಿದ್ದೇ ಇರುವುದು. 1933ರಲ್ಲಿ ಒಮ್ಮೆ ಕೋಡಿ ಹರಿದಿದ್ದ ಆ ಜಲಾಶಯವು 89 ವರ್ಷಗಳ ತರುವಾಯ 130 ಅಡಿಯ ಮಟ್ಟವನ್ನು ಮುಟ್ಟಿದಾಗ, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗಗಳಿಂದ ಜನರು ತಂಡೋಪತಂಡವಾಗಿ ಮಾರಿಕಣಿವೆಗೆ ಹೊರಟರು. ನಾವೂ ಹೋಗಿದ್ದೆವು. ವೇದಾವತಿಯು ಬಿಳಿಯ ನೊರೆಯಾಗಿ ಇಳಿಯುತ್ತಿದ್ದುದನ್ನು ಕಂಡು ವೃದ್ಧರು ಕೈಮುಗಿದರು. ನಮ್ಮ ಮನೆಯಿಂದಲೂ ನೆರೆಮನೆಗಳಿಂದಲೂ ಜೊತೆಗೆ ಬಂದಿದ್ದ ಏಳು ಮಂದಿ ಹುಡುಗರನ್ನು ಮಾತಿಗೆ ಮಾತಾಗಿ, ‘ನಿಮ್ಮಲ್ಲಿ ಈಜು ಬಲ್ಲವರು ಯಾರಪ್ಪ?’ ಎಂದು ಕೇಳಿದೆವು. ಒಬ್ಬನೂ ಇರಲಿಲ್ಲ. ಅಂದಿನಿಂದ ಈ ಪ್ರಶ್ನೆಯು ನಮ್ಮನ್ನು ಬಿಟ್ಟಿಲ್ಲ.

ನಾವು ಬಾಲಕರಾಗಿದ್ದಾಗ ಈಜು ಕಲಿಯುವುದಕ್ಕೆ ಶಾಲೆಯೂ ಬೇಕಿರಲಿಲ್ಲ, ಶುಲ್ಕವೂ ಬೇಕಿರಲಿಲ್ಲ. ತೋಟದ ಬಾವಿಯಿತ್ತು, ಬೆನ್ನಿಗೆ ಕಟ್ಟಲು ಒಣಗಿದ ಸೋರೆಬುರುಡೆಯಿತ್ತು, ಮೆಟ್ಟಿಲಿನ ಮೇಲಿಂದ ನೂಕಲು ಸೋದರಮಾವನಿದ್ದನು. ಎಂಟು ದಿವಸಗಳಲ್ಲಿ ಬುರುಡೆಯನ್ನು ಬಿಚ್ಚುತ್ತಿದ್ದರು. ಆ ಪಾಠಶಾಲೆಯು ಈಗ ಎಲ್ಲಿದೆ? ಕೊಳವೆ ಬಾವಿಗಳು ಬಂದವು. ಒಂದರ ಪಕ್ಕದಲ್ಲಿ ಇನ್ನೊಂದು ಆಳಕ್ಕೆ ಇಳಿಯಿತು. ತೆರೆದ ಬಾವಿಗಳ ಒರತೆ ಸತ್ತಿತು. ಎಷ್ಟೋ ಬಾವಿಗಳು ಇಂದು ಕಸದ ಗುಂಡಿಗಳಾಗಿರುವವು. ನೀರು ಹೋದ ಮೂರು ನಾಲ್ಕು ದಶಕಗಳಲ್ಲಿ ನೀರಿನ ವಿದ್ಯೆಯೂ ಹೋಯಿತು. ಈಗ ಭದ್ರೆಯ ನೀರನ್ನು ಎತ್ತಿ ವೇದಾವತಿಗೆ ಬಿಡಲಾಗುತ್ತಿದೆ. 2025ರ ಜನವರಿಯಲ್ಲಿ ಜಲಾಶಯವು ಮತ್ತೊಮ್ಮೆ ಕೋಡಿ ಬಿದ್ದಿತು. ನೀರು ಮರಳಿ ಬಂದಿದೆ, ವಿದ್ಯೆಯು ಬಂದಿಲ್ಲ. ಹೊಳಲ್ಕೆರೆ ಹೊಸದುರ್ಗಗಳ ಅಡಕೆ ತೆಂಗಿನ ತೋಟಗಳಲ್ಲಿ ಕೃಷಿಹೊಂಡಗಳನ್ನು ತೋಡಿ ಒಳಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿರುವರು. ಆ ಹಾಳೆಯ ಮೇಲೆ ಕಾಲು ಜಾರಿದ ಮಗುವಿಗೆ ಹಿಡಿದು ಹತ್ತಲು ಒಂದು ಕಲ್ಲಿನ ಮೂಲೆಯೂ ಸಿಕ್ಕುವುದಿಲ್ಲ. ಇದರ ಫಲವನ್ನು ಪತ್ರಿಕೆಯವರಾದ ನಾವು ವರ್ಷವರ್ಷವೂ ಅಚ್ಚು ಹಾಕುತ್ತಲೇ ಇದ್ದೇವೆ.

ಇಷ್ಟು ಪೀಠಿಕೆಯನ್ನು ಹೇಳಿದುದು ಒಂದು ಆಟದ ವಿಚಾರವನ್ನು ವಾಚಕರ ಮುಂದಿಡುವುದಕ್ಕಾಗಿ. ಅದರ ಹೆಸರು ಕೆನೂ ಪೋಲೋ. ಕನ್ನಡದಲ್ಲಿ ದೋಣಿ ಪೋಲೋ ಎನ್ನೋಣ. ಕುದುರೆಯ ಮೇಲಿನ ಪೋಲೋ ನಮ್ಮವರಿಗೆ ಹೊಸದಲ್ಲ. ಇಲ್ಲಿ ಕುದುರೆಯ ಬದಲು ಒಬ್ಬನೇ ಕುಳ್ಳಿರುವ, ಮೂರು ಮೀಟರಿಗೆ ಮೀರದ ಕಯಾಕ್ ದೋಣಿ. ಪಕ್ಷಕ್ಕೆ ಐದು ಮಂದಿ ನೀರಿನ ಮೇಲಿರುವರು, ಮೂವರು ಬದಲಿಗೆ ಕಾದಿರುವರು. ಅಂಗಣವು 35 ಮೀಟರ್ ಉದ್ದ, 23 ಮೀಟರ್ ಅಗಲ. ಎರಡು ಕೊನೆಗಳಲ್ಲಿಯೂ ನೀರಿನಿಂದ ಎರಡು ಮೀಟರ್ ಎತ್ತರದಲ್ಲಿ, ಒಂದೂವರೆ ಮೀಟರ್ ಅಗಲ ಒಂದು ಮೀಟರ್ ಎತ್ತರದ ಚೌಕಟ್ಟನ್ನು ತೂಗುಹಾಕಿರುವರು. ಚೆಂಡನ್ನು ಅದರೊಳಕ್ಕೆ ಎಸೆದರೆ ಗೋಲು. ಗೋಲನ್ನು ಕಾಯುವವನು ಹುಟ್ಟನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದು ತಡೆಯುವನು. ಹತ್ತು ಹತ್ತು ನಿಮಿಷಗಳ ಎರಡು ಭಾಗಗಳಲ್ಲಿ ಆಟ ಮುಗಿಯುವುದು. ಚೆಂಡನ್ನು ಐದು ಸೆಕೆಂಡುಗಳಿಗಿಂತ ಹೆಚ್ಚು ಹಿಡಿದುಕೊಳ್ಳುವಂತಿಲ್ಲ. ಹಿಡಿದಿರುವವನನ್ನು ಎದುರಾಳಿಯು ಕೈಯಿಂದ ನೂಕಿ ದೋಣಿಸಮೇತ ಮಗುಚಬಹುದು.

ಈ ಕೊನೆಯ ನಿಯಮವನ್ನು ಓದಿ ನಾವು ಮೊದಲು ನಕ್ಕೆವು, ಆಮೇಲೆ ಯೋಚಿಸಿದೆವು. ಆಟದ ಮರ್ಮವೇ ಅದರಲ್ಲಿದೆ. ದೋಣಿ ಮಗುಚುವುದು ಇಲ್ಲಿ ಅಪಘಾತವಲ್ಲ, ನಿತ್ಯದ ಸಂಗತಿ. ಆದುದರಿಂದ ಕಲಿಯುವವನಿಗೆ ಗೋಲು ಹೊಡೆಯುವುದನ್ನಲ್ಲ, ಮಗುಚಿಕೊಂಡು ಮೇಲೆ ಬರುವುದನ್ನು ಮೊದಲು ಕಲಿಸುವರು. ತಲೆ ಕೆಳಗಾಗಿ ನೀರಿನೊಳಗಿರುವಾಗ ಉಸಿರನ್ನು ಬಿಗಿಹಿಡಿದು, ಹೆದರದೆ, ಹುಟ್ಟಿನಿಂದ ನೀರನ್ನು ಒತ್ತಿ, ಸೊಂಟವನ್ನು ತಿರುಚಿ, ದೋಣಿಯಲ್ಲಿ ಕುಳಿತಂತೆಯೇ ಎದ್ದು ಬರುವುದು ಆ ವಿದ್ಯೆ. ಗ್ರೀನ್‌ಲೆಂಡಿನ ಬೇಟೆಗಾರರು ಹಿಮಗಡ್ಡೆಯ ಸಮುದ್ರದಲ್ಲಿ ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ ಇದನ್ನು ಸಾಧಿಸಿದ್ದರು. ಮುಖಕ್ಕೆ ಜಾಲರಿಯುಳ್ಳ ಶಿರಸ್ತ್ರಾಣ, ಮೈಗೆ ತೇಲುವ ಕವಚ, ದೋಣಿಯ ಎರಡು ತುದಿಗಳಿಗೂ ಮೆತ್ತೆ, ಇವಿಲ್ಲದೆ ಯಾರನ್ನೂ ನೀರಿಗೆ ಬಿಡುವುದಿಲ್ಲ. ನೀರಿನ ಭಯವನ್ನು ಹೋಗಲಾಡಿಸಿ ನೀರಿನ ಎಚ್ಚರವನ್ನು ಉಳಿಸುವ ಆಟವು ಇದಕ್ಕಿಂತ ಬೇರೊಂದು ಇದ್ದರೆ ನಮಗೆ ತಿಳಿಯದು.

ಆಟವು ಲೋಕದಲ್ಲಿ ಬೆಳೆಯುತ್ತಿದೆ. ಇದರ ಪ್ರಥಮ ವಿಶ್ವ ಚಾಂಪಿಯನ್‌ಷಿಪ್ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1994ರಲ್ಲಿ ನಡೆಯಿತು. ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ 2005ರಲ್ಲಿ ಜರುಗಿದ ವಿಶ್ವ ಕ್ರೀಡೆಗಳಲ್ಲಿ ಇದಕ್ಕೆ ಸ್ಥಾನ ದೊರೆಯಿತು. 2025ರಲ್ಲಿ ಚೀನದ ಚೆಂಗ್ಡುವಿನಲ್ಲಿಯೂ ಆಡಿದರು. ಒಲಿಂಪಿಕ್ಸಿಗೆ ಇನ್ನೂ ಸೇರಿಲ್ಲ. ಏಷ್ಯದಲ್ಲಿ ಇರಾನ್, ಜಪಾನ್, ತೈವಾನ್, ಸಿಂಗಪುರಗಳವರು ಆಡುತ್ತಾರೆ. ಸಿಂಗಪುರದಂಥ ಪುಟ್ಟ ದ್ವೀಪಕ್ಕೆ ಇದು ಒಗ್ಗಿದುದಕ್ಕೆ ಕಾರಣವಿದೆ: ದೊಡ್ಡ ನದಿ ಬೇಡ, ಅಲೆ ಬೇಡ, ಎದೆಮಟ್ಟದ ನಿಶ್ಚಲವಾದ ನೀರು ಸಾಕು. ನಮ್ಮ ದೇಶದಲ್ಲಿ ದೋಣಿಯ ಓಟಕ್ಕೆ ಈಗೀಗ ಗೌರವ ಬರುತ್ತಿದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್, ಸುನಿಲ್ ಸಿಂಗ್ ಎಂಬಿಬ್ಬರು ಜೋಡಿ ದೋಣಿಯ ಸ್ಪರ್ಧೆಯಲ್ಲಿ ಕಂಚು ತಂದರು. ಅದೇ ವರ್ಷ ಅಲ್ಲಿಯೇ ನಡೆದ ಅಂಗವಿಕಲರ ಏಷ್ಯನ್ ಕೂಟದಲ್ಲಿ ಪ್ರಾಚಿ ಯಾದವ್ ಚಿನ್ನ ಗೆದ್ದಳು. ಆಕೆ ಮೊದಲು ಈಜುಗಾರ್ತಿ; ದೋಣಿಯ ಅಭ್ಯಾಸವಾದುದು ಭೋಪಾಲದ ಕೆರೆಯಲ್ಲಿ. ಕೆರೆಗಳು ನಮ್ಮಲ್ಲಿ ಇಲ್ಲವೇ? ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಅಲ್ಲಿಯ ಬಂಡೆಯ ಶಾಸನವೇ ಹೇಳುತ್ತಿರುವುದು.

ಹುಟ್ಟು ಹಾಕುವ ಕೈಗಳೂ ನಮ್ಮಲ್ಲಿ ಉಂಟು. ವಾಣಿವಿಲಾಸದ ಹಿನ್ನೀರಿನಲ್ಲಿ ಬಲೆ ಬೀಸುವವರ ಹರಿಗೋಲನ್ನು ನೋಡಿದವರು ಬಲ್ಲರು. ಬಿದಿರಿನ ಬುಟ್ಟಿಯಂಥ ಆ ದುಂಡು ದೋಣಿಗೆ ಹಿಂದು ಮುಂದುಗಳಿಲ್ಲ. ಹಿಂದೆ ತೊಗಲನ್ನು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಗೆ ಡಾಂಬರು ಬಳಿಯುತ್ತಾರೆ. ಅನುಭವವಿಲ್ಲದವನು ಕುಳಿತರೆ ಅದು ಬುಗುರಿಯಂತೆ ಸುತ್ತುವುದೇ ಹೊರತು ಮುಂದಕ್ಕೆ ಸಾಗದು. ಅದನ್ನು ಒಂದೇ ಹುಟ್ಟಿನಿಂದ ಗೆರೆ ಎಳೆದಂತೆ ನಡೆಸುವವನಿಗೆ, ಎರಡು ಕಡೆಯೂ ಅಲಗುಳ್ಳ ಕಯಾಕಿನ ಹುಟ್ಟು ಎಷ್ಟರ ಕೆಲಸ? ಇಂಥ ಅಂಬಿಗರ ಮಕ್ಕಳು ಆ ಕಸಬನ್ನು ಬಿಟ್ಟು ಪಟ್ಟಣದಲ್ಲಿ ಆಟೋ ನಡೆಸಲು ಹೋಗುತ್ತಿರುವುದು ನಮಗೆ ವ್ಯಸನಕರವಾಗಿ ತೋರುತ್ತದೆ. ಈಜು ಕಲಿಸುವ ಗುರುಗಳನ್ನು ನೇಮಿಸುವಾಗ ಅಧಿಕಾರಿಗಳು ಸರ್ಟಿಫಿಕೇಟನ್ನು ಮಾತ್ರ ನೋಡದೆ ಇವರ ಕೈಯನ್ನೂ ನೋಡಲಿ.

ಆಕ್ಷೇಪಣೆಗಳು ಬಾರದೆ ಇರವು. ಇದು ಪರದೇಶದ ಆಟವೆಂಬುದು ಮೊದಲನೆಯದು. ವಾಲಿಬಾಲೂ ಪರದೇಶದ್ದೇ, ಅದಿಲ್ಲದ ಹಳ್ಳಿ ಈಗ ನಮ್ಮಲ್ಲಿ ಯಾವುದು? ಎರಡನೆಯದು ಗಟ್ಟಿಯಾದುದು. ವಾಣಿವಿಲಾಸ ಸಾಗರವು ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳ ಕುಡಿಯುವ ನೀರು, ರೈತರ ಅಚ್ಚುಕಟ್ಟಿನ ನೀರು. 130 ಅಡಿ ತುಂಬಿದಾಗ ಹೊಸದುರ್ಗದ ಹಿನ್ನೀರಿನ ಗ್ರಾಮಗಳವರು ಹೊಲ ತೋಟ ಮುಳುಗಿತೆಂದು ಗೋಳಿಟ್ಟುದನ್ನೂ ಕಂಡಿದ್ದೇವೆ. ಅಲ್ಲಿ ವಿನೋದಕ್ಕೆಂದು ಮೋಟಾರು ದೋಣಿಗಳನ್ನು ಬಿಟ್ಟು ಎಣ್ಣೆ ಚೆಲ್ಲುವುದನ್ನು ನಾವು ಒಪ್ಪುವುದಿಲ್ಲ. ಆಳವೂ ಕೆಸರೂ ತಿಳಿಯದ ಆ ವಿಸ್ತಾರದಲ್ಲಿ ಎಳೆಯರನ್ನು ಇಳಿಸುವುದೂ ಬೇಡ. ಪುರಾತನ ಹೊಂಡಗಳ ಗೊಡವೆಯೂ ಬೇಡ. ನಾವು ಕೇಳುವುದು ಕಟ್ಟೆ ಕಟ್ಟಿದ, ಕಾವಲುಗಾರನುಳ್ಳ ಈಜುಕೊಳವನ್ನು. ಮೊದಲ ವರ್ಷ ಬರಿಯ ಈಜು, ಎರಡನೆಯ ವರ್ಷ ದೋಣಿ, ಆಮೇಲೆ ಚೆಂಡು. ಬಾಲಿಕೆಯರಿಗೆ ಪ್ರತ್ಯೇಕ ವೇಳೆಯನ್ನು ನಿಗದಿ ಮಾಡಿದರೆ ತಾಯಂದಿರು ಕಳುಹಿಸಿಯಾರು.

ವೆಚ್ಚದ ಪ್ರಶ್ನೆಯನ್ನು ನಾವು ಒಬ್ಬ ಅಧಿಕಾರಿಗಳೊಡನೆ ಎತ್ತಿದೆವು. ‘ಸ್ವಾಮಿ, ಕ್ರೀಡಾಂಗಣಕ್ಕಾದರೆ ಹಣವುಂಟು, ನೀರಿನೊಳಗಿನ ಕ್ರೀಡಾಂಗಣಕ್ಕೆ ಯಾವ ಲೆಕ್ಕದ ಶೀರ್ಷಿಕೆಯೂ ಇಲ್ಲ’ ಎಂದು ನಕ್ಕರು. ಶೀರ್ಷಿಕೆಯನ್ನು ಹುಡುಕುವುದು ಅವರ ಕೆಲಸ. ನಾವು ಒಂದು ಮಾತನ್ನು ಮಾತ್ರ ನೆನಪಿಗೆ ತರುತ್ತೇವೆ. ಮುಂದಿನ ಆಯವ್ಯಯದಲ್ಲಿ ನಗರಸಭೆ ಪುರಸಭೆಗಳವರು ಈಜುಕೊಳವೆಂದು ಬರೆಯಿಸುವುದಾದರೆ, 50 ಮೀಟರ್ ಉದ್ದ 25 ಮೀಟರ್ ಅಗಲವೆಂದೇ ಬರೆಯಿಸಲಿ. ಅದರೊಳಗೆ ಈ ಆಟದ ಅಂಗಣವು ಹಿಡಿಸುವುದು. ಅರ್ಧ ಅಳತೆಯದನ್ನು ಕಟ್ಟಿಸಿದರೆ ಈಜನ್ನಷ್ಟೇ ಕಲಿಸಬಹುದು, ಪಂದ್ಯವನ್ನು ಆಡಿಸಲಾಗದು.