ನೀರು ಬಿಡದ ಗದ್ದೆ, ನೀರು ನಿಲ್ಲದ ಹೊಲ

ನಾಗಮಂಗಲದ ಕಡೆ ಹುಟ್ಟುವ ಲೋಕಪಾವನಿ ಹೊಳೆಯು ಪಾಂಡವಪುರ ತಾಲ್ಲೂಕನ್ನು ಹಾಯ್ದು, ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ. ಈ ಹೊಳೆಯ ಜಾಡಿನಲ್ಲಿ ಬೇಸಾಯದ ಎರಡು ತೊಂದರೆಗಳನ್ನು ಕಾಣಬಹುದು. ಮೇಲೆ ನಾಗಮಂಗಲದ ಕೆಂಪು ಮರಳುಮಿಶ್ರಿತ ಹೊಲಗಳಲ್ಲಿ ನೀರು ನಿಲ್ಲುವುದಿಲ್ಲ; ಕೆಳಗೆ ನಾಲಾ ಬಯಲಿನ ತಗ್ಗು ಗದ್ದೆಗಳಲ್ಲಿ ನೀರು ಬಿಟ್ಟುಹೋಗುವುದಿಲ್ಲ. ಎರಡು ಕಡೆಯೂ ಕೆಡುವುದು ಮಣ್ಣೇ. ಹೇಮಗಿರಿ, ಮಂದಗೆರೆ ಅಣೆಕಟ್ಟೆಗಳ ಬಯಲೂ ಮಳೆಯಾಶ್ರಿತ ದಿಣ್ಣೆಗಳೂ ಇರುವ ಕೆ.ಆರ್. ಪೇಟೆಯಲ್ಲಿ ಈ ಎರಡು ಬಗೆಯ ಭೂಮಿಯೂ ಉಂಟು.

ಚೌಳು ಹೇಗೆ ಬರುತ್ತದೆ?

ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಯಸಾಗರ ನಾಲೆಯ ಕಾಲದಿಂದಲೂ ಗದ್ದೆ ಬೇಸಾಯವಿದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆ ಹೊರಟ ಮೇಲೆ ಪಾಂಡವಪುರದ ಒಣಭೂಮಿಯಲ್ಲೂ ಭತ್ತ, ಕಬ್ಬು ಬಂದವು. ಆದರೆ ಭತ್ತದ ಮೇಲೆ ಭತ್ತ ಬೆಳೆದು, ಗದ್ದೆಯಿಂದ ಗದ್ದೆಗೆ ನೀರು ಹಾಯಿಸಿ, ಬಸಿಗಾಲುವೆಗಳನ್ನು ಹೂಳಲು ಬಿಟ್ಟರೆ ಅಂತರ್ಜಲವು ಬೇರಿನ ಮಟ್ಟಕ್ಕೆ ಏರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಮಣ್ಣು ಈ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಅದರಲ್ಲಿದ್ದ ಉಪ್ಪು ಮೇಲೆಯೇ ಉಳಿಯುತ್ತದೆ. ಬೇಸಗೆಯಲ್ಲಿ ತಗ್ಗಿನಲ್ಲಿ ಕಾಣುವ ಬಿಳಿಯ ಪೊರೆ, ಅಲ್ಲಲ್ಲಿ ಪೈರು ಸಾಯುವುದು ಇದರ ಗುರುತು.

ಇಂಥ ಗದ್ದೆಗೆ ಹೆಚ್ಚು ಗೊಬ್ಬರ ಹಾಕಿದರೆ ಹಣ ಹಾಳು. ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ಲವಣದ ಚೌಳಾದರೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ನಿಲ್ಲಿಸಿ, ಉಪ್ಪನ್ನು ಬಸಿದುಬಿಡಬೇಕು. ರಸಸಾರ 8.5ನ್ನು ಮೀರಿದ ಕ್ಷಾರದ ಚೌಳಾದರೆ, ಪರೀಕ್ಷೆಯಲ್ಲಿ ತಿಳಿಸಿದಷ್ಟು ಜಿಪ್ಸಂ ಬೆರೆಸಿ, ಅನಂತರ ನೀರು ಕಟ್ಟಿ ಬಸಿಯಬೇಕು. ಡಯಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದೂ ಒಳ್ಳೆಯದು. ಬಸಿಗಾಲುವೆ ಒಬ್ಬರ ಗದ್ದೆಯಲ್ಲಿ ಮುಗಿಯುವ ಕೆಲಸವಲ್ಲ. ಕೆಳಗಿನವರು ದಾರಿ ಕೊಟ್ಟರೆ ಮಾತ್ರ ಮೇಲಿನವರ ಗದ್ದೆ ಉಳಿದೀತು.

ಚೌಳು ಬಾರದಂತೆ ತಡೆಯುವುದು ಇನ್ನೂ ಸುಲಭ. ಭತ್ತಕ್ಕೆ ಸದಾ ನೀರು ತುಂಬಿರಬೇಕಿಲ್ಲ. ನಾಟಿ ಬೇರೂರಿದ ಮೇಲೆ ನಿಂತ ನೀರು ಇಂಗಿದ ಬಳಿಕ ಮತ್ತೆ ಎರಡು ಅಂಗುಲ ಕಟ್ಟಿದರೆ ಸಾಕು. ಹೂ ಬಿಡುವ ಕಾಲದಲ್ಲಿ ಮಾತ್ರ ನೀರು ತಪ್ಪಿಸಬಾರದು. ಭತ್ತದ ನಂತರ ಅಲಸಂದೆ, ಉದ್ದು ಮುಂತಾದ ದ್ವಿದಳ ಬೆಳೆ ತೆಗೆಯಿರಿ. 2023ರಲ್ಲಿ ಕಟ್ಟೆ ತುಂಬಲಿಲ್ಲ. ಅಂಥ ವರ್ಷದಲ್ಲಿ ಹೀಗೆ ಉಳಿಸಿದ ನೀರು ನಾಲೆಯ ಕೊನೆಯ ರೈತರಿಗೂ ಆಗುತ್ತದೆ.

ಮೇಲಿನ ಹೊಲಗಳಲ್ಲಿ

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರಾಯಿತು. ಇಳಿಜಾರಿನ ಉದ್ದಕ್ಕೆ ಉತ್ತ ಹೊಲದಲ್ಲಿ ಆ ನೀರು ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಕೆರೆಗೆ ಇಳಿಯುತ್ತದೆ. ಕೆರೆ ಹೂಳುತ್ತದೆ, ಹೊಲ ಬಡವಾಗುತ್ತದೆ. ಆದುದರಿಂದ ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತಿರಿ. ಬದುಗಳನ್ನು ಮುಂಗಾರಿಗೆ ಮೊದಲೇ ಸರಿಪಡಿಸಿ, ಅವುಗಳ ಮೇಲೆ ಹುಲ್ಲು, ಗ್ಲಿರಿಸಿಡಿಯ ಬೆಳೆಸಿರಿ. ಹೆಚ್ಚಾದ ನೀರನ್ನು ಹೊಲದ ತಗ್ಗಿನಲ್ಲಿ ಕೃಷಿ ಹೊಂಡಕ್ಕೆ ತಿರುಗಿಸಿದರೆ, ಮಳೆ ಕೈಕೊಟ್ಟಾಗ ರಾಗಿಗೆ ಒಂದು ನೀರು ಕೊಡಬಹುದು. ಬೇಸಗೆಯಲ್ಲಿ ಕೆರೆಯ ಹೂಳನ್ನು ಹೊಲಕ್ಕೆ ಹೊಡೆದರೆ, ಹೋದ ಮಣ್ಣು ಮನೆಗೆ ಬಂದಂತೆ.

ಗದ್ದೆ, ಹೊಲಗಳ ಐದಾರು ಕಡೆ ಆರು ಅಂಗುಲ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿರಿ. ಚೌಳು ಕಂಡ ಜಾಗದ ಮಣ್ಣನ್ನು ಬೇರೆಯಾಗಿಯೇ ಕಟ್ಟಿರಿ. ನೀರು ಕಡಿಮೆಯಾದಲ್ಲಿ ತಡೆಯುವುದು, ಹೆಚ್ಚಾದಲ್ಲಿ ಬಸಿಯುವುದು, ಇವೆರಡನ್ನೂ ಹೊತ್ತಿಗೆ ಸರಿಯಾಗಿ ಮಾಡಿದರೆ ಭೂಮಿ ಮಕ್ಕಳ ಕಾಲಕ್ಕೂ ಬೆಳೆ ಕೊಡುತ್ತದೆ.