ಡೇರೆಗೆ ವಿದ್ಯುತ್ತು

ಯೂರೋಪಿನ ದೇಶಗಳಲ್ಲಿ ಬೇಸಗೆ ಬಂತೆಂದರೆ ಸಂಸಾರ ಸಮೇತ ಹೊರಟು, ಡೇರೆ ಹೂಡಿ, ನಾಲ್ಕು ದಿನ ಬಯಲಿನಲ್ಲಿ ಕಳೆಯುವ ರೂಢಿಯುಂಟು. ಅದಕ್ಕೆಂದೇ ಊರ ಹೊರಗೆ, ಸರೋವರಗಳ ದಡದಲ್ಲಿ, ಶಿಬಿರತಾಣಗಳಿವೆ. ಅಲ್ಲಿ ನೆಲಸಿರುವ ಮಗನನ್ನೋ ಮಗಳನ್ನೋ ನೋಡಲು ಹೋದ ನಮ್ಮವರಿಗೂ ಇಂಥ ತಾಣದಲ್ಲಿ ತಂಗುವ ಸಂದರ್ಭ ಬರಬಹುದು. ಸ್ವಲ್ಪ ಹೆಚ್ಚು ಬಾಡಿಗೆ ತೆತ್ತರೆ ಡೇರೆಯ ಪಕ್ಕದ ಕಂಬದಿಂದ ವಿದ್ಯುತ್ತೂ ದೊರೆಯುತ್ತದೆ. ಮನೆಯಲ್ಲಿ ಸ್ವಿಚ್ಚು ಒತ್ತಿ ರೇಡಿಯೋ ಹಾಕಿದಷ್ಟೇ ಸುಲಭವೆಂದು ಕಾಣುವ ಈ ಏರ್ಪಾಡಿನಲ್ಲಿ ಮನೆಯಲ್ಲಿಲ್ಲದ ಒಂದು ಅಪಾಯವಿದೆ. ಡೇರೆಯಲ್ಲಿ ನೀವು ನಿಂತಿರುವುದು ಒದ್ದೆ ಹುಲ್ಲಿನ ಮೇಲೆ.

ಮೊದಲು ಅನುಕೂಲದ ಮಾತು. ಅಲ್ಲಿಯ ವಿದ್ಯುತ್ತೂ ನಮ್ಮದರಂತೆ ೨೩೦ ವೋಲ್ಟ್, ೫೦ ಹರ್ಟ್ಸ್. ಆದುದರಿಂದ ನಮ್ಮ ಉಪಕರಣಗಳು ಅಲ್ಲಿ ಕೆಲಸ ಮಾಡುತ್ತವೆ. ಆದರೆ ಕಂಬ ಕೊಡುವ ಪ್ರವಾಹಕ್ಕೆ ಮಿತಿಯುಂಟು. ಕೆಲವೆಡೆ ೧೬ ಆಂಪಿಯರ್, ಕೆಲವೆಡೆ ೧೦, ಫ್ರಾನ್ಸಿನ ಅನೇಕ ತಾಣಗಳಲ್ಲಿ ಕೇವಲ ೬. ಇದನ್ನು ೨೩೦ರಿಂದ ಗುಣಿಸಿದರೆ ನಿಮಗೆ ದಕ್ಕುವ ವಾಟುಗಳು ತಿಳಿಯುತ್ತವೆ. ೬ ಆಂಪಿಯರ್ ಎಂದರೆ ೧೩೮೦ ವಾಟು. ೧೦೦೦ ವಾಟಿನ ಹೀಟರು ಉರಿಯುತ್ತಿರುವಾಗಲೇ ೭೦೦ ವಾಟಿನ ಅನ್ನದ ಕುಕ್ಕರನ್ನೂ ಹಚ್ಚಿದಿರೋ, ಕಂಬದ ಬ್ರೇಕರು ಬಿದ್ದು ಡೇರೆಯೆಲ್ಲ ಕತ್ತಲು. ಕಂಬದ ಪೆಟ್ಟಿಗೆಗೆ ಬೀಗವಿದ್ದರೆ ನಡುರಾತ್ರಿ ಮೇಲ್ವಿಚಾರಕರನ್ನು ಎಬ್ಬಿಸಬೇಕಾದೀತು.

ಆ ಬ್ರೇಕರು ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ ಎಂಬುದನ್ನು ನೆನಪಿಡಿ. ಅದು ಕಡಿಯುವುದು ಹಲವು ಆಂಪಿಯರ್ ಹರಿದಾಗ. ಮನುಷ್ಯನ ಪ್ರಾಣ ತೆಗೆಯಲು ಒಂದು ಆಂಪಿಯರಿನ ಹತ್ತನೆಯ ಒಂದು ಭಾಗವೇ ಸಾಕು. ಮನುಷ್ಯನನ್ನು ಕಾಯುವ ಸಾಧನ ಬೇರೆ, ಅದಕ್ಕೆ ಆರ್.ಸಿ.ಡಿ. ಎನ್ನುತ್ತಾರೆ. ಹೋದ ಪ್ರವಾಹವೂ ಮರಳಿ ಬಂದ ಪ್ರವಾಹವೂ ಸಮವಾಗಿದೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ೩೦ ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಕಂಡರೆ, ಎಲ್ಲೋ ಯಾರ ಮೈ ಮೂಲಕವೋ ಪ್ರವಾಹ ನೆಲಕ್ಕೆ ಸೋರುತ್ತಿರಬಹುದೆಂದು ಕ್ಷಣಾರ್ಧದಲ್ಲಿ ಕಡಿದುಬಿಡುತ್ತದೆ. ಡೇರೆಗಳಿಗೆಂದೇ ಆರ್.ಸಿ.ಡಿ., ಬ್ರೇಕರು ಎರಡೂ ಅಡಕವಾಗಿರುವ ಸಣ್ಣ ಪೆಟ್ಟಿಗೆಗಳು ಮಾರಾಟಕ್ಕಿವೆ. ಅದರಲ್ಲಿರುವ ಪರೀಕ್ಷೆಯ ಗುಂಡಿಯನ್ನು ಪ್ರತಿ ಸಲವೂ ಒತ್ತಿ ನೋಡಬೇಕು. ಮನೆಯಲ್ಲಿ ಬಳಸುವ ಸಾಮಾನ್ಯ ವಿಸ್ತರಣ ತಂತಿಯನ್ನು ಡೇರೆಯೊಳಕ್ಕೆ ಎಳೆಯುವುದು ಸಲ್ಲದು.

ಇನ್ನು ಕೇಬಲ್ಲು. ಮೂರು ತಂತಿಗಳುಳ್ಳ, ೨.೫ ಚದರ ಮಿಲಿಮೀಟರ್ ದಪ್ಪದ, ಮಳೆಗೆ ತಡೆಯುವ ಕೇಬಲ್ಲೇ ಆಗಬೇಕು. ೨೫ ಮೀಟರಿನಲ್ಲಿ ನಿಮಗೆ ಬೇಕಾದುದು ಐದೇ ಮೀಟರಾದರೂ ಸುರುಳಿಯನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಸಡಿಲವಾಗಿ ಹರಡಿ. ಸುತ್ತಿಟ್ಟ ಸುರುಳಿಯಲ್ಲಿ ಹುಟ್ಟಿದ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ತಂತಿಯ ಹೊದಿಕೆ ಕರಗಿ ಬೆಂಕಿ ಹತ್ತುವುದುಂಟು.

ಬಹುಮಟ್ಟಿಗೆ ಕಂಬಗಳಲ್ಲಿರುವುದು ಮೂರು ಕಡ್ಡಿಯ ನೀಲಿ ಪ್ಲಗ್ಗಿನ ಸಾಕೆಟ್ಟು. ಹಳೆಯ ತಾಣಗಳಲ್ಲಿ ಆಯಾ ದೇಶದ ಮನೆಬಳಕೆಯ ಸಾಕೆಟ್ಟೇ ಇದ್ದರೆ ಅಡಾಪ್ಟರು ಬೇಕು. ನಮ್ಮ ಪ್ರವಾಸಿಗಳು ಕೊಂಡೊಯ್ಯುವ ಅಗ್ಗದ ಅಡಾಪ್ಟರುಗಳಲ್ಲಿ ಅನೇಕವು ಅರ್ತ್ ತಂತಿಯ ಸಂಪರ್ಕವನ್ನೇ ಕೊಡುವುದಿಲ್ಲ. ಫೋನಿನ ಚಾರ್ಜರಿಗೆ ಅಷ್ಟು ಸಾಕು. ಲೋಹದ ಮೈಯ ಕುಕ್ಕರಿಗೆ, ಇಸ್ತ್ರಿಗೆ ಸಾಲದು. ಇನ್ನೊಂದು ವಿಷಯ: ಕೆಲವೆಡೆ ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಅದಲುಬದಲಾಗಿರುವುದುಂಟು. ಆಗ ಸ್ವಿಚ್ಚು ಆರಿಸಿದರೂ ಉಪಕರಣದೊಳಗೆ ವಿದ್ಯುತ್ತು ಉಳಿದೇ ಇರುತ್ತದೆ. ಆದ್ದರಿಂದ ಬಲ್ಬು ಬದಲಿಸುವ ಮುನ್ನ ಪ್ಲಗ್ಗನ್ನೇ ಕಿತ್ತುಬಿಡಿ.

ಜೋಡಿಸುವಾಗ ಡೇರೆಯ ತುದಿ ಮೊದಲು, ಕಂಬದ ತುದಿ ಕೊನೆಗೆ. ಬಿಚ್ಚುವಾಗ ಕಂಬದ್ದೇ ಮೊದಲು. ಈ ಕ್ರಮ ತಪ್ಪಿದರೆ ಜೀವಂತ ವಿದ್ಯುತ್ತುಳ್ಳ ತುದಿಯೊಂದು ಹುಲ್ಲಿನ ಮೇಲೆ ಬಿದ್ದಿರುತ್ತದೆ. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಎತ್ತರದಲ್ಲಿಡಿ.

ಕೊನೆಗೊಂದು ಎಚ್ಚರಿಕೆ. ಚಳಿಯ ರಾತ್ರಿ ವಿದ್ಯುತ್ತು ನಿಂತುಹೋದರೆ ಮಕ್ಕಳು ನಡುಗುತ್ತಾರೆಂದು ಹೊರಗಿನ ಇದ್ದಿಲ ಒಲೆಯನ್ನು ಡೇರೆಯೊಳಕ್ಕೆ ತರುವ ಮನಸ್ಸಾಗುತ್ತದೆ. ಖಂಡಿತ ತರಬೇಡಿ. ಆರಿದಂತೆ ಕಾಣುವ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಅದಕ್ಕಿಂತ ಇನ್ನೆರಡು ಕಂಬಳಿಗಳನ್ನು ಮನೆಯಿಂದಲೇ ಹೊತ್ತು ಹೋಗುವುದು ಮೇಲು.